ಹಳೇ ಅಕ್ವೇರಿಯಂ ನೋಡೋಕೆ ಹೊರಟಿದ್ರೆ ಟಿಕೆಟ್ ತಗೊಳ್ಳೋ ಮುಂಚೆ ಇದನ್ನ ಓದಿ

ರಜೆ ದಿನ ಅಮ್ಮನ್ನ, ಮಗಳನ್ನ ಕರ್ಕೊಂಡು ದೊಡ್ಡ ಸಿಟಿಯಲ್ಲಿರೋ ಒಂದು ಹಳೇ ಅಕ್ವೇರಿಯಂಗೆ ಹೋಗಿದ್ದೆ. ಹೆಸರು ಹಾಕಲ್ಲ, ಆದ್ರೆ ನಮಗಾದದ್ದು ಬೇರೆಯವ್ರಿಗೆ ಆಗ್ಬಾರ್ದು ಅಂತ ಬರೀತಿದೀನಿ.

ಮೊದಲ್ನೇದು ಟಿಕೆಟ್. ಫೋನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಸೈಟಲ್ಲೇ ಬುಕ್ ಮಾಡ್ಬಿಟ್ಟೆ, ಅದರ ಪಕ್ಕ ಸಣ್ಣಕ್ಷರದಲ್ಲಿ ಜಾಹೀರಾತು ಅಂತ ಇದ್ದದ್ದು ನೋಡ್ಲೇ ಇಲ್ಲ, ಗೇಟಲ್ಲಿ ಕೋಡ್ ಸ್ಕ್ಯಾನ್ ಆಗ್ಲಿಲ್ಲ, ಇದು ನಮ್ಮ ಟಿಕೆಟ್ಟೇ ಅಲ್ಲ ಅಂದ್ರು. ಮತ್ತೆ ದುಡ್ಡು ಕೊಟ್ಟು ಕ್ಯೂ ನಿಲ್ಬೇಕಾಯ್ತು. ಅಮ್ಮಂಗೆ ಮಂಡಿನೋವು, ಕೂರೋಕೆ ಒಂದು ಬೆಂಚೂ ಇರ್ಲಿಲ್ಲ. ಬುಕ್ ಮಾಡೋದಾದ್ರೆ ಅಕ್ವೇರಿಯಂನವ್ರ ಸ್ವಂತ ಸೈಟಿಂದಾನೇ ಮಾಡಿ.

ಒಳಗೆ ಹೋದ್ರೆ ಅರ್ಧ ಟ್ಯಾಂಕ್ ಖಾಲಿ, ದುರಸ್ತಿ ಅಂತ ಬೋರ್ಡು. ಹಳೇ ಕಟ್ಟಡ, ಹಳೇ ಪೈಪು, ರಿಪೇರಿ ಇರುತ್ತೆ, ಅದು ಅರ್ಥ ಆಗುತ್ತೆ. ಅದನ್ನ ಕೌಂಟರಲ್ಲೇ ಹೇಳ್ಬಹುದಿತ್ತಲ್ವಾ?

ಆದ್ರೆ ನನಗೆ ನಿಜವಾಗ್ಲೂ ಸಂಕಟ ಆಗಿದ್ದು ಮೂಲೇಲಿದ್ದ ಒಂದು ಟ್ಯಾಂಕ್ ನೋಡಿ. ನೀರು ಮಬ್ಬು, ಮೀನೆಲ್ಲಾ ಮೇಲಕ್ಕೆ ಬಂದು ಬಾಯಿ ತೆರೀತಾ ಮುಚ್ತಾ ಇದ್ವು. ಮಗಳು ಅವಕ್ಕೆ ಹಸಿವಾಗಿದ್ಯಾ ಅಂತ ಕೇಳಿದ್ಳು. ಮನೇಲಿ ಮೀನು ಸಾಕಿರೋರಿಗೆ ಗೊತ್ತು, ಅದು ಹಸಿವಲ್ಲ, ನೀರಲ್ಲಿ ಆಕ್ಸಿಜನ್ ಕಮ್ಮಿ ಆದ್ರೆ ಹಾಗ್ ಮಾಡ್ತವೆ, ಇಲ್ಲಾ ಅಮೋನಿಯಾ ಜಾಸ್ತಿಯಾಗಿ ಕಿವಿರು ಸುಡ್ತಿದ್ರೂ ಹಾಗೇ. ಮೀನಿನ ಗಲೀಜಿಂದ ಬರೋ ಅಮೋನಿಯಾನ ಫಿಲ್ಟರಲ್ಲಿರೋ ಬ್ಯಾಕ್ಟೀರಿಯಾ ಮೊದ್ಲು ನೈಟ್ರೈಟ್, ಆಮೇಲೆ ಅಷ್ಟು ವಿಷ ಅಲ್ಲದ ನೈಟ್ರೇಟ್ ಮಾಡ್ಬೇಕು, ಫಿಲ್ಟರ್ ಕೆಟ್ರೆ ಆ ಸರಪಳಿನೇ ನಿಂತೋಗುತ್ತೆ. 1853ರಲ್ಲಿ ಲಂಡನ್ ಝೂನಲ್ಲಿ ಜನರಿಗೋಸ್ಕರ ಮೊದಲ ಅಕ್ವೇರಿಯಂ ತೆರೆದಾಗಿಂದ ಇವತ್ತಿನ ತನಕ ನೀರು ಚೆನ್ನಾಗಿಡೋದೇ ಅಕ್ವೇರಿಯಂನವ್ರ ಮುಖ್ಯ ಕೆಲಸ.

ಇದರ ಮಧ್ಯೆ ಜನ ಗಾಜು ಬಡೀತಿದ್ರು, ಫ್ಲ್ಯಾಶ್ ಹಾಕಿ ಫೋಟೋ ತೆಗೀತಿದ್ರು. ಹೆಚ್ಚಿನ ಮೀನುಗಳಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಕೊಳ್ಳೋಕಾಗಲ್ಲ, ಗಾಜು ಬಡಿದಾಗ ನೀರಲ್ಲಾಗೋ ಅದುರು ಮೈ ಪಕ್ಕದಲ್ಲಿರೋ ಗೆರೆಯಂಥ ಅಂಗದಿಂದಲೇ ಅವಕ್ಕೆ ಗೊತ್ತಾಗುತ್ತೆ. ತಡೆಯೋಕೆ ಒಬ್ರೂ ಇರ್ಲಿಲ್ಲ, ದಯವಿಟ್ಟು ನೀವಾದ್ರೂ ಹಂಗ್ ಮಾಡ್ಬೇಡಿ.

ಹೋಗ್ಲೇಬೇಕು ಅಂದ್ರೆ ಹಿಂದಿನ ದಿನ ಫೋನ್ ಮಾಡಿ ಯಾವ್ಯಾವ ಟ್ಯಾಂಕ್ ಮುಚ್ಚಿದೆ, ವಯಸ್ಸಾದವ್ರಿಗೆ ಕೂರೋಕೆ ಜಾಗ ಇದ್ಯಾ ಅಂತ ಕೇಳಿ. ರಜೆ ದಿನ ಬಿಟ್ಟು ಬೆಳಿಗ್ಗೆ ಬಾಗ್ಲು ತೆಗೆಯೋ ಹೊತ್ತಿಗೇ ಹೋಗಿ. ಸೈಟಲ್ಲಿರೋ ಫೋಟೋ ನಂಬ್ಬೇಡಿ, ಜನ ಇತ್ತೀಚೆಗೆ ಹಾಕಿರೋದನ್ನ ನೋಡಿ.

ಮೂಲೆ ಟ್ಯಾಂಕ್ ವಿಷಯ ಅಲ್ಲಿದ್ದ ಸಿಬ್ಬಂದಿಗೆ ಹೇಳ್ದೆ, ಹೇಳ್ತೀವಿ ಮೇಡಂ ಅಂದ್ರು. ಹೊರಗೆ ಬರೋವಾಗ ಮತ್ತೆ ಹೋಗಿ ನೋಡಿದ್ವಿ, ಮೀನು ಇನ್ನೂ ಮೇಲೇ ಇದ್ವು.