ಫೋಟೊದಲ್ಲಿ ಎಂಟು ಪೈಪುಗಳಿದ್ದವು

ವಿದೇಶದಲ್ಲಿರುವ ಅಣ್ಣನೋ ಅಕ್ಕನೋ ಗೆಳೆಯನೋ ಫೋನ್ ಮಾಡಿ, “ಊರಿನ ಮನೆ ರಿಪೇರಿ ಮಾಡಿಸಬೇಕು, ನೀನು ನಿಂತು ನೋಡಿಕೊಂಡರೆ ಸಾಕು” ಎಂದರೆ, ಹೂಂ ಎನ್ನುವ ಮೊದಲು ಇದನ್ನು ದಯವಿಟ್ಟು ಓದಿ. ಮನೆ ಬೆಟ್ಟದ ಓರೆಯಲ್ಲಿದ್ದರಂತೂ ಕೊನೆಯವರೆಗೂ ಓದಿ. ನಾನು ಹೂಂ ಎಂದವನು. ಕಳೆದ ಮಳೆಗಾಲದಲ್ಲಿ ಇಬ್ಬರು ಕೂಲಿಯವರು ಆ ಮನೆಯ ಹಿಂದಿನ ಕೋಣೆಯಲ್ಲಿ ಮಣ್ಣಿನಡಿ ಹೋಗಬೇಕಿತ್ತು. ಸಂತೆಗೆ ಹೋದವರು ಬಸ್ ತಪ್ಪಿ ಅಲ್ಲೇ ಉಳಿದದ್ದರಿಂದ ಬದುಕಿದರು.

ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಮೇಲೆ, ಕಾಫಿ ತೋಟದ ನಡುವೆ. ದೊಡ್ಡಪ್ಪ ಕಟ್ಟಿಸಿದ್ದು. ಮಣ್ಣಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚು. ದೊಡ್ಡಪ್ಪನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ದೊಡ್ಡಮ್ಮ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದು ಆರು ವರ್ಷವಾಗಿತ್ತು.

ಛಾವಣಿಯ ಕೆಲಸ ಮೊದಲು ಹಿಡಿದೆವು, ಅದು ಚೆನ್ನಾಗಿಯೇ ಆಯಿತು. ಗೆದ್ದಲು ತಿಂದ ಪಕಾಸಿಗಳನ್ನು ಬದಲಿಸಿದೆವು. ಒಡೆದ ಹೆಂಚುಗಳ ಜಾಗಕ್ಕೆ ಹೊಸದನ್ನು ತಂದರೆ ಹಳೆಯದರ ತೋಡಿಗೆ ಹೊಸದರ ಅಂಚು ಕೂರಲಿಲ್ಲ. ಒಂದೊಂದು ಕಾರ್ಖಾನೆಯ ಅಚ್ಚಿಗೆ ಒಂದೊಂದು ಅಳತೆ. ಕೊನೆಗೆ ಕಂಟ್ರಾಕ್ಟರನೇ ಎಲ್ಲೋ ಕೆಡವುತ್ತಿದ್ದ ಹಳೆಯ ಮನೆಯಿಂದ ಅದೇ ಕಾರ್ಖಾನೆಯ ಹೆಸರು ಮೂಡಿದ ಹೆಂಚುಗಳನ್ನು ಹುಡುಕಿ ತಂದ. ಆ ಫೋಟೊಗಳನ್ನು ನೋಡಿ ಅಣ್ಣ ಅತ್ತನಂತೆ. ಕಂಟ್ರಾಕ್ಟರನ ಮೇಲೆ ನಮಗೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಆಮೇಲೆ ಆಸೆ ಬೆಳೆಯಿತು. ಹಿಂಬದಿಗೆ ಎರಡು ಕೋಣೆ, ಸ್ನಾನದ ಮನೆ, ಎರಡು ಕಾರು ನಿಲ್ಲುವಷ್ಟು ಅಂಗಳ. ಅಷ್ಟು ಜಾಗ ಬೇಕಾದರೆ ಬರೆ ಕಡಿಯಬೇಕು. ಮನೆಗೆಂದು ಬೆಟ್ಟವನ್ನು ಕಡಿದಾಗ ಹಿಂದೆ ಕಡಿದಾಗಿ ನಿಲ್ಲುವ ಮಣ್ಣನ್ನು ನಾವು ಬರೆ ಎನ್ನುತ್ತೇವೆ, ಶೃಂಗೇರಿ, ತೀರ್ಥಹಳ್ಳಿಯ ಕಡೆಯವರು ಧರೆ ಎನ್ನುತ್ತಾರೆ. ದೊಡ್ಡಪ್ಪ ಅದನ್ನು ಎರಡು ಮೆಟ್ಟಿಲಾಗಿ ಇಳಿಸಿದ್ದರು. ಬುಡದಲ್ಲಿ ಮಳೆನೀರು ಹರಿದುಹೋಗಲು ಮೊಣಕಾಲುದ್ದದ ಕಣಿ. ಪ್ರತಿ ವರ್ಷ ಮೇ ಕೊನೆಯಲ್ಲಿ ಗುದ್ದಲಿ ಹಿಡಿದು ಕಣಿಯ ತರಗೆಲೆ, ಮಣ್ಣು ಎತ್ತಿ ಹಾಕುತ್ತಿದ್ದರು. ಹುಡುಗನಾಗಿದ್ದ ನನ್ನನ್ನೂ ಕರೆಯುತ್ತಿದ್ದರು. ಆದ್ದರಿಂದ ಆ ಕಣಿ ಏಕಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿದ್ದೂ ಸುಮ್ಮನಿದ್ದೆ.

ಕೊಡಗಿನಲ್ಲಿರುವವರು ಇದನ್ನು ಮರೆಯುವ ಹಾಗೆಯೇ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆಗಳಲ್ಲಿ ಬೆಟ್ಟ ಕುಸಿದು ಏನಾಯಿತೆಂದು ಕಣ್ಣಾರೆ ಕಂಡಿದ್ದೇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ಮಳೆಯ ಜೊತೆಗೆ ಮನೆಗೂ ರಸ್ತೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಹೇಳಿದ್ದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆಯೇ ಹೋಯಿತು. ಇಷ್ಟೆಲ್ಲ ಆದ ಮೇಲೂ ನಾವು ಯಂತ್ರ ತರಿಸಿ ಎರಡು ದಿನದಲ್ಲಿ 14 ಅಡಿ ಬರೆಯನ್ನು ಗೋಡೆಯಂತೆ ನೇರ ಕಡಿಸಿದೆವು. 50 ಟಿಪ್ಪರ್‌ಗಿಂತ ಹೆಚ್ಚು ಮಣ್ಣು ಬಂತು. ಸಾಗಿಸಲು ಖರ್ಚಾಗುತ್ತದೆಂದು ಅದನ್ನು ಮುಂದಿನ ಓರೆಗೇ ದೂಡಿಸಿದೆವು. ಆ ಓರೆಯ ಕೆಳಗೆ ಇನ್ನೊಂದು ಮನೆಯಿದೆ. ಈ ಸಾಲು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಡಿದ ಬರೆಗೆ 12 ಅಡಿ ಎತ್ತರ, 40 ಅಡಿ ಉದ್ದದ ಕಲ್ಲಿನ ತಡೆಗೋಡೆ ಎಂದಾಯಿತು. ಇಂಥ ಗೋಡೆಗೆ ಹೊರೆಯಾಗುವುದು ಮಣ್ಣಿಗಿಂತ ಹೆಚ್ಚಾಗಿ ನೀರು. ಬೆನ್ನಿಗೆ 12 ಅಡಿ ನೀರು ನಿಂತಿತೆಂದರೆ, ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೂ ನೀರೊಂದೇ 6 ಟನ್‌ಗಿಂತ ಹೆಚ್ಚು ಬಲದಿಂದ ಒತ್ತುತ್ತದೆ. ಅದಕ್ಕೇ ಗೋಡೆಯ ಹಿಂದೆ ಬೋಲ್ಡರ್, ಜಲ್ಲಿ ತುಂಬಿ, ಗೋಡೆಯ ಈ ಮೈಯಿಂದ ಆ ಮೈವರೆಗೂ ಪೈಪ್ ಹಾಯಿಸಿ ನೀರುಗಂಡಿ ಬಿಡುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ವೀಪ್ ಹೋಲ್. ಅಣ್ಣನೂ ಎಲ್ಲೋ ಓದಿಕೊಂಡು, “ಪೈಪ್ ಹಾಕಿದ್ದಾರಾ, ಫೋಟೊ ಕಳಿಸು” ಎಂದ. ನಾನು ಹೋದಾಗ ಗೋಡೆ ಮುಗಿದಿತ್ತು, ಹಿಂದೆ ಮಣ್ಣು ತುಂಬಿಯಾಗಿತ್ತು. ಮುಂಭಾಗದಲ್ಲಿ ಒಂದೇ ಸಾಲಿನಲ್ಲಿ, ಅಚ್ಚುಕಟ್ಟಾಗಿ, ಎಂಟು ಬಿಳಿಯ ಪಿವಿಸಿ ಪೈಪಿನ ಬಾಯಿಗಳು. ಫೋಟೊ ತೆಗೆದು ಕಳಿಸಿದೆ. ಅಲ್ಲಿಂದ ಹೆಬ್ಬೆರಳು ಬಂತು, ಮರುದಿನ ಹಣವೂ ಬಂತು. ಹಳೆಯ ಕಣಿಯ ಮೇಲೆ ಕಾಂಕ್ರೀಟ್ ಹಾಕಿ ಅಂಗಳ ಮಾಡಿದರು.

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕೆಳಮನೆಯವರು ಬಂದು, “ಮೇಲಿನ ತೋಟದಲ್ಲಿ ನೆಲ ಬಾಯಿ ಬಿಟ್ಟಿದೆ” ಎಂದರು. ಹೋಗಿ ನೋಡಿದೆ. ಬರೆಯ ನೆತ್ತಿಯಿಂದ ಹತ್ತು ಹೆಜ್ಜೆ ಒಳಗೆ, ಕಾಫಿ ಗಿಡಗಳ ನಡುವೆ ಬಿಲ್ಲಿನಂತೆ ಬಾಗಿದ ಬಿರುಕು. ತರಗೆಲೆ ಸರಿಸಿ ಕೈ ಇಳಿಸಿದರೆ ಮಣಿಕಟ್ಟಿನವರೆಗೂ ಹೋಯಿತು. ಒಳಗೆ ನೀರು ಹರಿಯುವುದು ಬೆರಳಿಗೆ ತಾಗುತ್ತಿತ್ತು. ಕೆಳಗಿಳಿದು ಬಂದಾಗ ಇನ್ನೊಂದು ಕಂಡಿತು: ನಾಲ್ಕು ದಿನ ಎಡೆಬಿಡದೆ ಸುರಿದರೂ ಆ ಎಂಟು ಪೈಪುಗಳಲ್ಲಿ ಒಂದರಿಂದಲೂ ಹನಿ ನೀರು ಬರುತ್ತಿರಲಿಲ್ಲ.

ಕಂಟ್ರಾಕ್ಟರನಿಗೆ ಫೋನ್ ಮಾಡಿದೆ. “ಹೊಸ ಮಣ್ಣಲ್ಲವೇ, ಕೂರುತ್ತದೆ” ಎಂದ. ಅಣ್ಣನಿಗೆ ಬಿರುಕಿನ ಫೋಟೊ ಕಳಿಸಿದೆ. ಫೋಟೊದಲ್ಲಿ ಅದು ನೆಲದ ಮೇಲೆ ಬಿದ್ದ ಕಡ್ಡಿಯಂತೆ ಕಾಣುತ್ತಿತ್ತು. “ಇಷ್ಟೇನಾ?” ಎಂದು ಕೇಳಿದ. ಅವನನ್ನು ದೂರಿ ಫಲವಿಲ್ಲ, ನಾನು ಕಳಿಸಿದ್ದನ್ನಷ್ಟೇ ಅವನು ನೋಡಬಲ್ಲ. ಕೆಳಮನೆಯವರನ್ನು ಮಾತ್ರ ಆ ಸಂಜೆಯೇ ನೆಂಟರ ಮನೆಗೆ ಹೊರಡಿಸಿದೆ. ಕೂಲಿಯವರು ಸಂತೆಯಿಂದ ಬಂದಮೇಲೆ ಹೇಳಿದರಾಯಿತು ಎಂದುಕೊಂಡೆ.

ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಬೆಳಿಗ್ಗೆ ನೋಡಿದರೆ ಗೋಡೆಯ ಮುಕ್ಕಾಲು ಪಾಲು ಬಿದ್ದು, ಕೂಲಿಯವರು ಮಲಗುತ್ತಿದ್ದ ಹೊಸ ಕೋಣೆಯೊಳಗೆ ಎದೆಮಟ್ಟ ಕೆಂಪು ಕೆಸರು. ಕಲ್ಲುಗಳ ನಡುವೆ ಆ ಪೈಪುಗಳಲ್ಲಿ ಒಂದು ಬಿದ್ದಿತ್ತು. ಎತ್ತಿಕೊಂಡೆ. ಗೇಣುದ್ದವೂ ಇರಲಿಲ್ಲ. ಹಿಂದಿನ ಬಾಯಿಗೆ ಸಿಮೆಂಟು ಮೆತ್ತಿತ್ತು. ಎಂಟೂ ಹಾಗೆಯೇ, ಗೋಡೆಯ ಮುಂಭಾಗಕ್ಕೆ ಸಿಕ್ಕಿಸಿದ ತುಂಡುಗಳು.

ಈಗ ಕಾಗದಪತ್ರದ ಮಾತು, ಬೇಗ ಹೇಳಿ ಮುಗಿಸುತ್ತೇನೆ. ಕಂಟ್ರಾಕ್ಟರನ ಜೊತೆ ಬರಹದ ಒಪ್ಪಂದ ಇರಲಿಲ್ಲ. ವಕೀಲರು ಮೊದಲು ಕೇಳಿದ್ದು, “ನೀವು ಯಾರು?” ಎಂದು. ಮನೆ ನನ್ನದಲ್ಲ, ಅಣ್ಣನ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ನನ್ನ ಬಳಿ ಇಲ್ಲ. ಇರುವುದು ಒಂದು ಇಮೇಲ್. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೋ ನೋಟರಿಯ ಮುಂದೆಯೋ ಸಹಿ ಮಾಡಿ ಅಧಿಕಾರಪತ್ರ ಕಳಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ನಾವು ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅದೆಲ್ಲ ನಮಗೆ ತಿಳಿದದ್ದು ಗೋಡೆ ಬಿದ್ದ ಮೇಲೆ. ಇನ್ನೊಂದು, ಅಣ್ಣ ಹಣವನ್ನೆಲ್ಲ ನನ್ನ ಖಾತೆಗೆ ಹಾಕುತ್ತಿದ್ದ. ಆದಾಯ ತೆರಿಗೆ ಕಾನೂನಿನ ಕಣ್ಣಿನಲ್ಲಿ ದೊಡ್ಡಪ್ಪನ ಮಗ ಸಂಬಂಧಿಕರ ಪಟ್ಟಿಯಲ್ಲಿಲ್ಲ. ವರ್ಷಕ್ಕೆ 50,000 ರೂಪಾಯಿ ದಾಟಿ ಬಂದದ್ದು ಅವನ ಮನೆಯ ಖರ್ಚಿಗೇ ಹೋಯಿತೆಂದು ನಾನು ರಸೀದಿ ಇಟ್ಟು ತೋರಿಸಬೇಕು, ಇಲ್ಲದಿದ್ದರೆ ಅದು ನನ್ನ ಆದಾಯವೆಂದಾಗುತ್ತದೆ. ಅರ್ಧ ಕೆಲಸಕ್ಕೆ ರಸೀದಿಯೇ ಇರಲಿಲ್ಲ. ಮಾಲೀಕರು ತಮ್ಮ ಎನ್‌ಆರ್‌ಒ ಖಾತೆಯಿಂದಲೇ (ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಕಂಟ್ರಾಕ್ಟರನಿಗೆ ನೇರ ಕೊಡಲಿ. ನಿಮ್ಮ ಖಾತೆ ನಡುವೆ ಬೇಡ.

ಇನ್ನು ಬೆಟ್ಟದ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದು. ಮಾಲೀಕರು ಬಂದು ಒಂದು ಮಳೆಗಾಲದ ದಿನ ಮನೆಯ ಹಿಂದೆ ನಿಂತು ನೋಡುವ ತನಕ ಬರೆಗೆ ಯಂತ್ರ ಹಚ್ಚಲು ಬಿಡಬೇಡಿ. ಅಷ್ಟು ದೂರದಿಂದ ಬರಲಾಗದಿದ್ದರೆ ಅಂಗಳ ಚಿಕ್ಕದೇ ಇರಲಿ. ಕಡಿಯಲೇಬೇಕಾದರೆ ಮಣ್ಣು ಬಲ್ಲ ಎಂಜಿನಿಯರರು ನಕ್ಷೆ ಹಾಕಿಕೊಡಲಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ನೆತ್ತಿಯ ಮೇಲೆ ನೀರು ಬದಿಗೆ ತಿರುಗಿಸುವ ಅಡ್ಡಗಣಿ ತೋಡಿಸಿ. ತಡೆಗೋಡೆ ಕಟ್ಟುವಾಗ ಹಿಂದೆ ಮಣ್ಣು ತುಂಬುವ ಮೊದಲು ನೀವೇ ಆ ಸಂದಿಗಿಳಿದು ಪ್ರತಿ ಪೈಪಿನ ಹಿಂಬಾಯಿಗೆ ಕೈ ಹಾಕಿ ನೋಡಿ, ಆಮೇಲೆಯೇ ಆ ಕಂತಿನ ಹಣ ಬಿಡಿಸಿ. ಮಳೆಗಾಲದಲ್ಲಿ ಕೂಲಿಯವರನ್ನು ಬರೆಯ ಬದಿಯ ಕೋಣೆಯಲ್ಲಿ ಮಲಗಿಸಬೇಡಿ.

ಆ ಬರೆಗೆ ಈಗ ಟಾರ್ಪಾಲು ಹೊದಿಸಿದ್ದೇವೆ. ಕಾಂಕ್ರೀಟ್ ಒಡೆದು ಹಳೆಯ ಕಣಿಯನ್ನು ಬಿಡಿಸುತ್ತಿದ್ದೇವೆ. ಕೆಳಮನೆಯವರು ಈ ಮಳೆಗಾಲವೂ ನೆಂಟರ ಮನೆಯಲ್ಲೇ ಇರುತ್ತಾರಂತೆ.

ನೀವು ಈಗಾಗಲೇ ಹೀಗೊಂದು ಗೋಡೆ ಕಟ್ಟಿಸಿದ್ದರೆ, ಮಳೆ ಶುರುವಾಗುವ ಮೊದಲು ಮೂರಡಿಯ ಕಬ್ಬಿಣದ ಕಂಬಿಯೊಂದನ್ನು ತೆಗೆದುಕೊಂಡು ಹೋಗಿ ಒಂದೊಂದೇ ಪೈಪಿನೊಳಗೆ ತೂರಿಸಿ ನೋಡಿ. ಗೇಣುದ್ದಕ್ಕೇ ತಡೆದು ನಿಂತರೆ ಆ ರಾತ್ರಿಯಿಂದಲೇ ಹಿಂದಿನ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.