ಮಾಡೆಲ್ ವಿಮಾನಕ್ಕೆ ವಿನೈಲ್ ಕಟ್ಟರ್: ಐದು ವರ್ಷ ಬಳಸಿದ ಮೇಲೆ

ಮೇಜಿನ ಮೇಲೆ ಇಡುವಂಥ, 12 ಇಂಚು ಅಗಲದ ಸಣ್ಣ ವಿನೈಲ್ ಕಟ್ಟರ್ ಒಂದು ಐದು ವರ್ಷದಿಂದ ನನ್ನ ಹತ್ತಿರ ಇದೆ. ವಿನೈಲ್ ಅಂದರೆ ಹಿಂಬದಿಗೆ ಅಂಟು ಬಳಿದ ತೆಳು ಪ್ಲಾಸ್ಟಿಕ್ ಫಿಲ್ಮ್. ಕಾರ್ಡು, ಸ್ಟಿಕ್ಕರ್ ಮಾಡುವವರಿಗೆಂದು ಮಾರುವ ಯಂತ್ರ ಇದು. ನಾನು ಮಾತ್ರ ರೇಡಿಯೊ ಕಂಟ್ರೋಲ್ ವಿಮಾನಗಳ ಗುರುತು, ಅಕ್ಷರ, ಪಟ್ಟೆ ಕತ್ತರಿಸುವುದಕ್ಕೇ ಬಳಸುತ್ತೇನೆ. ಇದುವರೆಗೆ ಹದಿನಾಲ್ಕು ವಿಮಾನಗಳಿಗೆ ಇದರಲ್ಲೇ ಗುರುತು ಮಾಡಿದ್ದೇನೆ. ಕೊಂಡ ವಾರದಲ್ಲೇ ಬರೆಯುವ ವಿಮರ್ಶೆಗಳು ಬೇಕಾದಷ್ಟಿವೆ. ಫಿಲ್ಮ್ ಬಿಸಿಲು ಕಂಡ ಮೇಲೆ, ಎಣ್ಣೆ ಕುಡಿದ ಮೇಲೆ ಏನಾಗುತ್ತದೆ ಎಂದು ಹೇಳುವವರು ಕಮ್ಮಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದನ್ನು ಕೊಳ್ಳಲು ಕಾರಣವಾದದ್ದು ಒಂದು ರೆಕ್ಕೆ. ಆಗೆಲ್ಲ ನಾನು ಫಿಲ್ಮನ್ನು ರೆಕ್ಕೆಯ ಮೇಲೆಯೇ ಹರಡಿ, ಸ್ಕೇಲು ಒತ್ತಿ ಹಿಡಿದು ಬ್ಲೇಡಿನಿಂದ ಕೊಯ್ಯುತ್ತಿದ್ದೆ. ಕೈ ಎಷ್ಟೇ ಹಗುರವಾಗಿಟ್ಟರೂ ಮೊನೆ ಕೆಳಗಿನ ಬಾಲ್ಸಾಕ್ಕೆ, ಅಂದರೆ ರೆಕ್ಕೆಗೆ ಹೊದಿಸಿದ ಹಗುರ ಮರದ ಹಾಳೆಗೆ, ತಾಗುತ್ತದೆ. ಬಾಲ್ಸಾ ಹೊದಿಕೆಯ ದಪ್ಪ ಬರೀ ಒಂದೂವರೆ ಮಿಲಿಮೀಟರ್. ಮರದ ಎಳೆ ರೆಕ್ಕೆಯ ಉದ್ದಕ್ಕೆ ಓಡುತ್ತದೆ, ನಾನು ಕೊಯ್ಯುತ್ತಿದ್ದದ್ದು ಅಡ್ಡಪಟ್ಟೆ. ಅಂದರೆ ಪ್ರತಿ ಗೀರಿಗೂ ಅಷ್ಟಷ್ಟು ಎಳೆ ಕತ್ತರಿಸುತ್ತಿದ್ದೆ. ಆ ವಿಮಾನದ ರೆಕ್ಕೆಯ ಕೆಳಗಡೆ ಕಪ್ಪು ಬಿಳಿ ಪಟ್ಟೆಗಳಿದ್ದವು. ಒಂದು ದಿನ ಡೈವ್‌ನಿಂದ ಮೇಲಕ್ಕೆ ಎಳೆಯುವಾಗ ಎಡ ರೆಕ್ಕೆ ಮುರಿಯಿತು. ಹಾಗೆ ಎಳೆಯುವಾಗ ರೆಕ್ಕೆಯ ಕೆಳಮೈ ಎಳೆತಕ್ಕೆ ಸಿಗುತ್ತದೆ, ಅಲ್ವಾ? ಚೂರುಗಳನ್ನು ಆಯ್ದು ತಂದು ಜೋಡಿಸಿ ನೋಡಿದೆ. ಮರ ಬಿಟ್ಟುಕೊಂಡದ್ದು ಒಂದು ಪಟ್ಟೆಯ ಅಂಚಿನಗುಂಟ. ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೇರವಾಗಿತ್ತು.

ಅಂದಿನಿಂದ ರೆಕ್ಕೆಯ ಹತ್ತಿರ ಬ್ಲೇಡು ತಂದಿಲ್ಲ. ಕಟ್ಟರ್‌ನಿಂದ ನನಗಾದ ದೊಡ್ಡ ಲಾಭ ಇದೇ. ಚೂಪಾದ ಅಂಚು, ಅಂದವಾದ ಅಕ್ಷರ ಎಲ್ಲ ಆಮೇಲೆ.

ಈಗ ಯಂತ್ರದ ವಿಷಯ. ಕಂಪ್ಯೂಟರ್‌ನಲ್ಲಿ ಬರೆದ ಗೆರೆಯ ಮೇಲೆ ಸಣ್ಣ ಬ್ಲೇಡು ಓಡುತ್ತದೆ, ಅಷ್ಟೇ. ಬ್ಲೇಡಿನ ಮೊನೆ ಅದು ತಿರುಗುವ ನಡುಬಿಂದುವಿಗಿಂತ ಒಂಚೂರು ಹಿಂದೆ ಇರುತ್ತದೆ. ನನ್ನ ಬ್ಲೇಡಿನಲ್ಲಿ ಅದು 0.25 ಮಿ.ಮೀ. ಆಫೀಸ್ ಕುರ್ಚಿಯ ಗಾಲಿ ಎಳೆದ ಕಡೆ ತಾನೇ ತಿರುಗುತ್ತದಲ್ಲ, ಇದೂ ಹಾಗೆಯೇ. ಈ ಅಂತರವನ್ನು ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಕೊಡದಿದ್ದರೆ ಚೂಪು ಮೂಲೆಗಳು ಮೊಂಡಾಗುತ್ತವೆ. ನಕ್ಷತ್ರ ಕತ್ತರಿಸಿದಾಗ ತಕ್ಷಣ ಗೊತ್ತಾಗುತ್ತದೆ.

ಒತ್ತಡ ಎಷ್ಟಿರಬೇಕು ಎನ್ನುವುದಕ್ಕೆ ಯಾವ ಪಟ್ಟಿಯನ್ನೂ ನಂಬಬೇಡಿ. ವಿನೈಲ್ ಪೂರ್ತಿ ಕತ್ತರಿಸಬೇಕು, ಹಿಂಬದಿಯ ಕಾಗದ ಹಾಗೇ ಉಳಿಯಬೇಕು. ನಾನು ಪ್ರತಿ ಹೊಸ ರೋಲಿಗೂ ಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಒಂದು ತ್ರಿಕೋನ ಕತ್ತರಿಸಿ ನೋಡುತ್ತೇನೆ. ತ್ರಿಕೋನ ಉಳಿದು ಸುತ್ತಲಿನದು ಸಲೀಸಾಗಿ ಎದ್ದು ಬರಬೇಕು. ಕಾಗದದ ಮೇಲೆ ಮಸುಕಾದ ಗೆರೆ ಮಾತ್ರ ಕಾಣಬೇಕು. ಒಂದೇ ಕಂಪನಿಯ ಫಿಲ್ಮ್ ಆದರೂ ಕಪ್ಪಿಗೂ ಹಳದಿಗೂ ಸೆಟ್ಟಿಂಗ್ ಬೇರೆ ಬಂದದ್ದಿದೆ. ಸಾಮಾನ್ಯ ಕೆಲಸಕ್ಕೆ 45 ಡಿಗ್ರಿ ಬ್ಲೇಡು ಸಾಕು. ತೀರಾ ಸಣ್ಣ ಅಕ್ಷರಕ್ಕೆ 60 ಡಿಗ್ರಿಯದ್ದು ಹಾಕುತ್ತೇನೆ. ವರ್ಷಕ್ಕೆ ಎರಡು ಬ್ಲೇಡು ಖರ್ಚಾಗುತ್ತವೆ. ಕತ್ತರಿಸಿದ ಅಂಚು ತರಿತರಿಯಾದರೆ ಬ್ಲೇಡು ಎಸೆಯುವ ಮುಂಚೆ ಹೋಲ್ಡರ್ ಬಿಚ್ಚಿ ನೋಡಿ. ಅರ್ಧಕ್ಕರ್ಧ ಸಲ ಒಳಗೆ ಒಂದು ವಿನೈಲ್ ಚೂರು ಸಿಕ್ಕಿಕೊಂಡಿರುತ್ತದೆ.

ಯಂತ್ರಕ್ಕಿಂತ ಫಿಲ್ಮ್ ಆರಿಸುವುದರಲ್ಲೇ ನಾನು ಜಾಸ್ತಿ ಪಾಠ ಕಲಿತೆ. ವಿನೈಲ್‌ನಲ್ಲಿ ಎರಡು ಬಗೆ. ಒಂದನ್ನು ಬಿಸಿ ರೋಲರ್‌ಗಳ ನಡುವೆ ಲಟ್ಟಿಸಿ ತೆಳ್ಳಗೆ ಮಾಡುತ್ತಾರೆ, ಅದು ಕ್ಯಾಲೆಂಡರ್ಡ್. ಇನ್ನೊಂದನ್ನು ದ್ರವವಾಗಿ ಹರಡಿ ಒಣಗಿಸುತ್ತಾರೆ, ಅದು ಕಾಸ್ಟ್. ಎಳೆದು ಲಟ್ಟಿಸಿದ್ದಕ್ಕೆ ಮತ್ತೆ ಕುಗ್ಗುವ ಗುಣ ಉಳಿದಿರುತ್ತದೆ. ಮೊದಲ ವರ್ಷ ನಾನು ಹೆಸರೂ ಇಲ್ಲದ ಅಗ್ಗದ ರೋಲ್ ತಂದಿದ್ದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪ್ರತಿ ಅಕ್ಷರದ ಸುತ್ತಲೂ ಅರ್ಧ ಮಿಲಿಮೀಟರ್ ಅಂಟಿನ ಗೆರೆ ಬಿಟ್ಟು ವಿನೈಲ್ ಒಳಕ್ಕೆ ಸರಿದಿತ್ತು. ಆ ಅಂಟಿಗೆ ಧೂಳು ಕೂತು ಕಪ್ಪಾಯಿತು. ಒರೆಸಿದರೂ ಹೋಗಲಿಲ್ಲ.

ಈಗ ಚಪ್ಪಟೆ ಜಾಗಕ್ಕೆ, ಅಂದರೆ ಬಾಲದ ಬದಿಗೆ ಅಥವಾ ಬಾಲ್ಸಾ ಹೊದಿಕೆ ಇರುವ ರೆಕ್ಕೆಗೆ ಒರಾಕಲ್ ಬ್ರ್ಯಾಂಡಿನ 651 ವಿನೈಲ್ ಹಾಕುತ್ತೇನೆ. ಅದು ಕ್ಯಾಲೆಂಡರ್ಡ್ ಆದರೂ ಇಂಥ ಕೆಲಸಕ್ಕೆ ನನಗೆ ಚೆನ್ನಾಗಿ ಒದಗಿದೆ. ಎಂಜಿನ್ ಮುಚ್ಚುವ ಕೌಲ್‌ನಂಥ ಎರಡೂ ಕಡೆ ಬಾಗಿದ ಮೈಗೆ 751 ಬೇಕೇ ಬೇಕು. ಅದು ಕಾಸ್ಟ್. ತೆಳುವಾಗಿದೆ, ಹೇರ್ ಡ್ರೈಯರ್ ಬಿಸಿಗೆ ಬಗ್ಗುತ್ತದೆ, ಬಗ್ಗಿದ ಮೇಲೆ ಹಾಗೇ ನಿಲ್ಲುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಕೌಲ್ ಮೇಲೆ ಹಾಕಿದ ಹಳದಿ ಉಂಗುರ ಇವತ್ತಿಗೂ ಅಂಚು ಎತ್ತಿಲ್ಲ. ಅದೂ ಗ್ಲೋ ಎಂಜಿನ್, ಎಣ್ಣೆ ಬೆರೆತ ಇಂಧನದಲ್ಲಿ ಓಡುವಂಥದ್ದು. ಹಾರಾಟಕ್ಕೊಮ್ಮೆ ಹೊಗೆಯ ಜೊತೆ ಎಣ್ಣೆ ಬಂದು ಬಳಿಯುತ್ತದೆ.

ಒಂದು ಜಾಗದಲ್ಲಿ ಮಾತ್ರ ಯಾವ ವಿನೈಲೂ ಬೇಡ. ಬಾಲ್ಸಾ ಹೊದಿಕೆ ಇಲ್ಲದೆ, ಪಕ್ಕೆಲುಬುಗಳ ಮೇಲೆ ನೇರವಾಗಿ ಕವರಿಂಗ್ ಫಿಲ್ಮ್ (ಇಸ್ತ್ರಿ ಮಾಡಿ ಅಂಟಿಸುವ, ಬಿಸಿಗೆ ಕುಗ್ಗುವ ತೆಳು ಹಾಳೆ) ಬಿಗಿದಿರುವ ರೆಕ್ಕೆ ಅದು. ಬಿಸಿಲಿಗೆ ಕವರಿಂಗ್ ಸಡಿಲವಾಗುತ್ತದೆ, ಮತ್ತೆ ಬಿಸಿ ಕೊಟ್ಟು ಬಿಗಿ ಮಾಡಬೇಕು. ಕೆಳಗಿನದು ಕುಗ್ಗುತ್ತದೆ, ಮೇಲಿನ ವಿನೈಲ್ ಅದರ ಜೊತೆ ಕುಗ್ಗದೆ ಸುಕ್ಕುಗಟ್ಟುತ್ತದೆ. ಅಲ್ಲಿಗೆ ಕವರಿಂಗ್ ಜಾತಿಯ ಇಸ್ತ್ರಿ ಫಿಲ್ಮೇ ಸರಿ. ಅದನ್ನೂ ಈ ಯಂತ್ರ ಕತ್ತರಿಸುತ್ತದೆ. ಆದರೆ ತೆಳ್ಳಗಿನ ಪಾಲಿಯೆಸ್ಟರ್ ಜಾರುತ್ತದೆ. ಅಂಟುಮ್ಯಾಟ್ ಮೇಲೆ ಗುಳ್ಳೆಯಿಲ್ಲದೆ ಒತ್ತಿ ಕೂರಿಸಿ, ಹೊಸ ಬ್ಲೇಡು ಹಾಕಿ, ನಿಧಾನದ ವೇಗದಲ್ಲಿ ಓಡಿಸಬೇಕು. ಹಳೇ ಬ್ಲೇಡು ಫಿಲ್ಮನ್ನು ಕತ್ತರಿಸುವ ಬದಲು ಎಳೆದುಕೊಂಡು ಹೋಗುತ್ತದೆ.

ಯುದ್ಧವಿಮಾನಗಳ ಗುರುತು ಮಾಡುವುದು ನನಗೆ ತುಂಬ ಇಷ್ಟದ ಕೆಲಸ. ಕೈಯಲ್ಲಿ ಕೊಯ್ಯುತ್ತಿದ್ದಾಗ ಅಳತೆ ಕಣ್ಣಂದಾಜಿನಲ್ಲಿ ನಡೆದುಹೋಗುತ್ತಿತ್ತು. ಯಂತ್ರಕ್ಕೆ ಪ್ರತಿ ಗೆರೆಯನ್ನೂ ಲೆಕ್ಕ ಹಾಕಿ ಕೊಡಬೇಕು. ಅದರಿಂದಾಗಿ ಗುರುತಿನ ಚರಿತ್ರೆಯನ್ನೂ ತಿಳಿದುಕೊಂಡೆ. ಅಮೆರಿಕದ ವಿಮಾನಗಳ ಮೇಲೆ ನೀಲಿ ವೃತ್ತದೊಳಗೆ ಇರುವ ಬಿಳಿ ನಕ್ಷತ್ರವನ್ನೇ ನೋಡಿ. 1942ರ ಮೇ ತಿಂಗಳಲ್ಲಿ ನಕ್ಷತ್ರದ ನಡುವಿನ ಕೆಂಪು ಬಿಂದು ತೆಗೆದರು, ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿಯಬಾರದೆಂದು. 1943ರ ಜೂನ್‌ನಲ್ಲಿ ಎರಡು ಬದಿಗೂ ಬಿಳಿ ಪಟ್ಟಿ ಬಂತು, ಸುತ್ತ ಕೆಂಪು ಅಂಚು. ಕೆಲವೇ ತಿಂಗಳಲ್ಲಿ ಆ ಅಂಚು ನೀಲಿಯಾಯಿತು. 1947ರಲ್ಲಿ ಬಿಳಿ ಪಟ್ಟಿಯೊಳಗೆ ಕೆಂಪು ಗೆರೆ ಸೇರಿತು. ಹಾಗಾಗಿ 1944ರ ವಿಮಾನಕ್ಕೆ ಕೆಂಪು ಗೆರೆಯ ಗುರುತು ಅಂಟಿಸಿದರೆ ನೋಡಬಲ್ಲವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಅಳತೆಯೂ ಅಷ್ಟೇ ಖಚಿತ. ಬದಿಯ ಪಟ್ಟಿಯ ಉದ್ದ ವೃತ್ತದ ತ್ರಿಜ್ಯದಷ್ಟು, ಅಗಲ ಅದರ ಅರ್ಧ, ನೀಲಿ ಅಂಚು ತ್ರಿಜ್ಯದ ಎಂಟನೇ ಒಂದು ಭಾಗ. ಪಟ್ಟಿ ವೃತ್ತದ ಸರೀ ನಡುವೆ ಇರುವುದಿಲ್ಲ. ಅದರ ಮೇಲಂಚು ನಕ್ಷತ್ರದ ಅಡ್ಡ ತೋಳುಗಳ ಮೇಲಂಚಿಗೆ ಸರಿಯಾಗಿ ಕೂಡಬೇಕು. ಮಾರುಕಟ್ಟೆಯ ರೆಡಿ ಸ್ಟಿಕ್ಕರ್‌ಗಳಲ್ಲೂ ಇದು ತಪ್ಪಿರುವುದನ್ನು ಕಂಡಿದ್ದೇನೆ.

ಅಂಟಿಸುವಾಗ ನೀಲಿಯ ಮೇಲೆ ಬಿಳಿ ನಕ್ಷತ್ರ ಹಾಕಬೇಡಿ. ಬಿಳಿ ಫಿಲ್ಮ್ ತೆಳುವಾಗಿದ್ದರೆ ಕೆಳಗಿನ ನೀಲಿ ಇಣುಕಿ ಬಣ್ಣ ಮಂಕಾಗುತ್ತದೆ. ನಾನು ಬಿಳಿಯನ್ನು ಕೆಳಗೆ, ಒಂದು ಮಿಲಿಮೀಟರ್ ದೊಡ್ಡದಾಗಿ ಹಾಕುತ್ತೇನೆ. ಅದರ ಮೇಲೆ ನಕ್ಷತ್ರದ ಆಕಾರದ ತೂತಿರುವ ನೀಲಿ. ಎರಡು ಪದರ ಬರುವುದು ಅಂಚಿನ ಆ ಒಂದು ಮಿಲಿಮೀಟರ್‌ನಲ್ಲಿ ಮಾತ್ರ. ತೂಕವೂ ಉಳಿಯುತ್ತದೆ.

1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಯ ಮೇಲಿನ ದಾಳಿಗೆಂದು ಮಿತ್ರಪಕ್ಷದ ವಿಮಾನಗಳಿಗೆ ಬಳಿದ ಪಟ್ಟೆಗಳಿಗೆ ಮಾತ್ರ ಈ ಯಂತ್ರ ಬಳಸುವುದಿಲ್ಲ. ಮೂರು ಬಿಳಿ, ಎರಡು ಕಪ್ಪು, ಒಂದು ಎಂಜಿನ್ನಿನ ವಿಮಾನದಲ್ಲಿ ಒಂದೊಂದೂ 18 ಇಂಚು ಅಗಲ. ಅಮೆರಿಕದ ಯುದ್ಧವಿಮಾನ ಪಿ-47ರ ನನ್ನ ಆರನೇ ಒಂದು ಅಳತೆಯ ಮಾಡೆಲ್‌ಗೆ ಅದು 76 ಮಿ.ಮೀ. ಆಯಿತು. ಅವತ್ತು ಅದನ್ನು ದಾಳಿಗೆ ಒಂದೆರಡು ದಿನ ಮುಂಚೆ, ಆತುರಾತುರವಾಗಿ ಕುಂಚದಲ್ಲಿ ಬಳಿದಿದ್ದರು. ಅಂಚು ಎಷ್ಟೋ ಕಡೆ ಸೊಟ್ಟ. ಯಂತ್ರದ ನೇರ ಗೆರೆ ಅಲ್ಲಿ ಸುಳ್ಳು ಹೇಳುತ್ತದೆ. ಅದನ್ನು ಮಾತ್ರ ಬಣ್ಣದಲ್ಲೇ ಮಾಡಿದೆ.

ಇನ್ನು ಅಂಟಿಸುವ ಕ್ರಮ. ಕತ್ತರಿಸಿದ ಮೇಲೆ ಬೇಡದ ಭಾಗವನ್ನು ಕಳೆ ಕಿತ್ತ ಹಾಗೆ ಚಿಮಟದಿಂದ ಕಿತ್ತು ತೆಗೆಯುತ್ತೇನೆ. ಮೇಲೆ ಟ್ರಾನ್ಸ್‌ಫರ್ ಟೇಪ್, ಅಂದರೆ ತುಂಡುಗಳನ್ನೆಲ್ಲ ಒಟ್ಟಿಗೆ ಎತ್ತಿ ಸಾಗಿಸುವ ಅಂಟುಪಟ್ಟಿ, ಒತ್ತುತ್ತೇನೆ. ಆಮೇಲೆ ಹಾಳೆಯನ್ನು ಮಗುಚಿಟ್ಟು ಕಾಗದವನ್ನು ವಿನೈಲ್‌ನಿಂದ ಎಳೆಯುತ್ತೇನೆ. ವಿನೈಲನ್ನು ಕಾಗದದಿಂದ ಎಳೆದರೆ ಸಣ್ಣ ಅಕ್ಷರಗಳು ಹಿಂದೆ ಉಳಿದುಬಿಡುತ್ತವೆ. ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿರಬೇಕು. ಬೆರಳಿನ ಜಿಡ್ಡಿದ್ದರೂ ಸಾಕು, ಅಂಚು ಅಲ್ಲಿಂದಲೇ ಏಳುತ್ತದೆ.

ದೊಡ್ಡ ತುಂಡಾದರೆ ಒದ್ದೆ ಮಾಡಿಯೇ ಅಂಟಿಸಿ. ಅರ್ಧ ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ. ಸಿಂಪಡಿಸಿದರೆ ಫಿಲ್ಮ್ ತೇಲುತ್ತದೆ, ನಿಧಾನವಾಗಿ ಸರಿಸಿ ಗೆರೆಗೆ ಕೂರಿಸಬಹುದು. ಮೆತ್ತನೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆಯುತ್ತೇನೆ. ಟೇಪ್ ಎಳೆಯಲು ಅವಸರ ಮಾಡಬೇಡಿ. ನಾನು ಒಂದು ಗಂಟೆಯಾದರೂ ಬಿಡುತ್ತೇನೆ, ಒಂದು ದಿನ ವಿಮಾನ ಹಾರಿಸುವುದಿಲ್ಲ. ಗುಳ್ಳೆ ಉಳಿದರೆ ಸೂಜಿಯಿಂದ ಒಂದು ಚುಚ್ಚು ಚುಚ್ಚಿ ಒತ್ತಿದರೆ ಆಯಿತು.

ಒಂದರ ಮೇಲೊಂದು ಬರುವ ಕಡೆ ಹೆಂಚು ಹೊದಿಸುವ ಕ್ರಮ ನೆನಪಿಟ್ಟುಕೊಳ್ಳಿ. ಹಿಂದಿನ ತುಂಡು ಮೊದಲು, ಮುಂದಿನದು ಅದರ ಮೇಲೆ. ಆಗ ಗಾಳಿ ಅಂಚಿನ ಮೇಲಿಂದ ಹರಿದು ಹೋಗುತ್ತದೆ, ಸಂದಿಗೆ ನುಗ್ಗುವುದಿಲ್ಲ. ಮೂಲೆಗಳನ್ನು ಚಿತ್ರ ಬರೆಯುವಾಗಲೇ ಒಂದು ಮಿಲಿಮೀಟರ್‌ನಷ್ಟು ದುಂಡಗೆ ಮಾಡುತ್ತೇನೆ. ದೂರಕ್ಕೆ ಚೂಪಾಗಿಯೇ ಕಾಣುತ್ತದೆ, ಆದರೆ ಏಳುವುದಿಲ್ಲ. ಇದನ್ನು ಮಾಡಲು ಶುರುಮಾಡಿದ ಮೇಲೆ ಅಂಚು ಏಳುವ ತಾಪತ್ರಯ ಮುಕ್ಕಾಲು ಪಾಲು ನಿಂತಿತು.

ತೂಕದ ವಿಷಯವನ್ನು ಸುಮ್ನೆ ದಾಟಿ ಹೋಗಬೇಡಿ. ಕಾಗದ ತೆಗೆದ ಒಂದು ಎ4 ಅಳತೆಯ ವಿನೈಲ್ ನನ್ನ ತಕ್ಕಡಿಯಲ್ಲಿ ಸುಮಾರು 7 ಗ್ರಾಂ ತೂಗಿತು. ಕಮ್ಮಿ ಅನಿಸುತ್ತದೆ. ಆದರೆ ನನ್ನ ಪಿ-47ರಲ್ಲಿ ಸಿಜಿಯಿಂದ (ವಿಮಾನದ ತೂಕ ಸಮತೂಗುವ ಬಿಂದು) ಬಾಲಕ್ಕಿರುವ ದೂರ ಮೂಗಿಗಿರುವ ದೂರದ ಮೂರು ಪಟ್ಟು. ಬಾಲದ ಮೇಲೆ 8 ಗ್ರಾಂ ಅಂಟಿಸಿದ್ದಕ್ಕೆ ಮೂಗಿನಲ್ಲಿ 24 ಗ್ರಾಂ ಸೀಸ ಇಡಬೇಕಾಯಿತು. ಸಣ್ಣ ಎಲೆಕ್ಟ್ರಿಕ್ ವಿಮಾನದಲ್ಲಿ ಇದು ಹಾರಾಟದಲ್ಲೇ ಗೊತ್ತಾಗುತ್ತದೆ. ಬಾಲಕ್ಕೆ ಆದಷ್ಟು ಒಂದೇ ಪದರ ಹಾಕಿ.

ಯಂತ್ರದ ಮೇಲೆ ನನಗೆ ತಕರಾರೂ ಇದೆ. ಜೊತೆಗೆ ಬರುವ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಎಸ್‌ವಿಜಿ ಎಂಬ ಗೆರೆಚಿತ್ರದ ಫೈಲ್ ತೆರೆಯುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕೊಡಬೇಕು. ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆದು, ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಫೈಲ್ ಆಗಿ ಉಳಿಸಿ ಒಳಗೆ ತರುತ್ತೇನೆ. ಪ್ರತಿ ಸಲ ಅಳತೆ ಪರೀಕ್ಷಿಸಬೇಕು. ಒಮ್ಮೆ ಇಡೀ ಗುರುತು ಶೇಕಡಾ ಆರರಷ್ಟು ಚಿಕ್ಕದಾಗಿ ಬಂದಿತ್ತು, ಅಂಟಿಸುವ ಹೊತ್ತಿಗೆ ಗೊತ್ತಾಯಿತು. ಈಗ ಪ್ರತಿ ಹಾಳೆಯಲ್ಲೂ 100 ಮಿ.ಮೀ. ಗೆರೆಯೊಂದನ್ನು ಸೇರಿಸಿ ಸ್ಕೇಲಿನಲ್ಲಿ ಅಳೆಯುತ್ತೇನೆ. ಎರಡನೆಯದು, ಒಂದು ಮೀಟರ್‌ಗಿಂತ ಉದ್ದದ ಪಟ್ಟೆ ಕತ್ತರಿಸುವಾಗ ರೋಲರ್ ಒಂದು ಕಡೆಗೆ ವಾಲುತ್ತದೆ. ಉದ್ದ ಪಟ್ಟೆಯನ್ನು ಎರಡು ತುಂಡು ಮಾಡಿ ಸೇರಿಸುವುದೇ ಲೇಸು. ಮ್ಯಾಟ್‌ನ ಅಂಟು ಬೇಗ ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತೊಳೆದರೆ ಕೆಲವು ಸಲ ಮರಳಿ ಬರುತ್ತದೆ.

5 ಮಿ.ಮೀ.ಗಿಂತ ಸಣ್ಣ ಅಕ್ಷರ ಇದರಲ್ಲಿ ಆಗುವುದಿಲ್ಲ. ಕತ್ತರಿಸಿದರೂ ಕೀಳುವಾಗ ಎದ್ದು ಬರುತ್ತವೆ. ಕಾಕ್‌ಪಿಟ್ ಪಕ್ಕದ ಸಣ್ಣ ಬರಹಗಳಿಗೆ ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಹಾಳೆಯಲ್ಲಿ ಅಚ್ಚು ಹಾಕಿ, ಮೇಲೆ ಕ್ಲಿಯರ್ ಕೋಟ್ ಕೊಡುತ್ತೇನೆ.

ವರ್ಷಕ್ಕೆ ಒಂದೇ ವಿಮಾನ ಮಾಡುವವರು, ಅದೂ ಬರೀ ನೇರ ಪಟ್ಟೆ ಸಾಕು ಎನ್ನುವವರು ಇದನ್ನು ಕೊಳ್ಳಬೇಕಿಲ್ಲ. ಗಾಜಿನ ಹಲಗೆ, ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಇದ್ದರೆ ಆಯಿತು. ಕೊಯ್ಯುವುದು ಗಾಜಿನ ಮೇಲೆ ಇರಲಿ, ವಿಮಾನದ ಮೇಲೆ ಬೇಡ. ನಿಜ ವಿಮಾನದ ತದ್ರೂಪಾದ ಸ್ಕೇಲ್ ವಿಮಾನ ಮಾಡುವವರಿಗೆ, ನೋಂದಣಿ ಅಕ್ಷರಗಳನ್ನು ನಾಲ್ಕು ಕಡೆ ಒಂದೇ ಅಳತೆಯಲ್ಲಿ ಹಾಕಬೇಕಾದವರಿಗೆ ನಾನು ಕಣ್ಣು ಮುಚ್ಚಿ ಕೊಳ್ಳಿ ಎನ್ನುತ್ತೇನೆ.

ಮುರಿದ ಆ ವಿಮಾನಕ್ಕೆ ಹೊಸ ರೆಕ್ಕೆ ಕಟ್ಟಿದ್ದೆ. ಕೆಳಗಡೆ ಮತ್ತದೇ ಕಪ್ಪು ಬಿಳಿ ಪಟ್ಟೆ, ಈ ಸಲ ಕಟ್ಟರ್‌ನಲ್ಲಿ ಕತ್ತರಿಸಿ ಅಂಟಿಸಿದ್ದು. ಹೋದ ತಿಂಗಳು ಒಂದು ಪಟ್ಟೆ ಬದಲಿಸಲು ಬೆಚ್ಚಗೆ ಮಾಡಿ ಮೆಲ್ಲಗೆ ಕಿತ್ತೆ. ಕೆಳಗಿನ ಕವರಿಂಗ್ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು, ಎಲ್ಲೂ ಒಂದು ಗೀರಿರಲಿಲ್ಲ.