ಹಿತ್ತಲಲ್ಲಿ ಚಳಿ ಕಾಯಿಸಲು: ಕಬ್ಬಿಣದ ಬಟ್ಟಲೋ, ಸ್ಟೀಲೋ, ಇಟ್ಟಿಗೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಟ್ಟಿಗೆಗೆ. ಮೈಸೂರಿನ ಡಿಸೆಂಬರ್ ಚಳಿಗೆ ನಮ್ಮ ಹಿತ್ತಲಲ್ಲಿ ಮೂರನ್ನೂ ಉರಿಸಿ ನೋಡಿದ್ದಾಗಿದೆ: ಆನ್‌ಲೈನಲ್ಲಿ ತರಿಸಿದ ಕಬ್ಬಿಣದ ಬಟ್ಟಲು, ತಮ್ಮನ ಮನೆಯಿಂದ ಎರವಲು ತಂದ ಸ್ಮೋಕ್‌ಲೆಸ್ ಸ್ಟೀಲ್ ಪಿಟ್ (ಹೊಗೆ ಕಡಿಮೆ ಬರುವ, ಎರಡು ಗೋಡೆಯ ಸ್ಟೀಲಿನ ಅಗ್ಗಿಷ್ಟಿಕೆ), ಮನೆ ಕಟ್ಟಿ ಉಳಿದ ಇಟ್ಟಿಗೆ.

ಕಬ್ಬಿಣದ್ದು ನೋಡಲು ಚೆಂದ. ಆದರೆ ತಳದಲ್ಲಿ ನೀರು ಹೋಗಲು ಒಂದು ತೂತಿಲ್ಲ! ಒಂದು ಮಳೆ ಬಿದ್ದರೆ ಬೂದಿ ಕಲಸಿದ ಕಪ್ಪು ರಾಡಿ ಒಳಗೆ ನಿಲ್ಲುತ್ತದೆ. ಬಗ್ಗಿಸಿ ಚೆಲ್ಲಲು ಇಬ್ಬರು ಬೇಕು. ಟಾರ್ಪಾಲು ಹೊದಿಸಿದರೆ ಒಳಗೇ ಬೆವೆತು ತುಕ್ಕು.

ವೆಲ್ಡಿಂಗ್ ಶಾಪಿನಲ್ಲಿ ತೂತು ಹೊಡೆಸಿದ್ದಾಯಿತು. ಈಗ ನೀರಿನ ಜೊತೆ ಕೆಂಡವೂ ಇಳಿಯತೊಡಗಿತು. ಕೆಳಗೆ ಹಾಸಿದ್ದ ಕಲ್ಲು ಚಪ್ಪಡಿ ಟಪ್ ಅಂತ ಸೀಳಿತು. ಸೀಳದೆ ಇನ್ನೇನು? ಬಂಡೆ ಎಬ್ಬಿಸುವವರು ಹಿಂದೆ ಕಲ್ಲಿನ ಮೇಲೆ ಬೆಂಕಿ ಹಾಕುತ್ತಿದ್ದುದೇ ಅದಕ್ಕಲ್ವಾ? ತೂತಿಗೆ ಜಾಲರಿ ಇಟ್ಟರೆ ಬೂದಿ ಕಟ್ಟಿಕೊಂಡು ಮತ್ತೆ ನೀರು ನಿಂತಿತು. ಈಗ ಅದರಲ್ಲಿ ದೊಡ್ಡಪತ್ರೆ ಬೆಳೆಯುತ್ತಿದೆ.

ಸ್ಟೀಲಿನದು ಜಾಣ ವಸ್ತು. ಕೆಳಗಿನ ಕಂಡಿಯಿಂದ ಗಾಳಿ ಎಳೆದುಕೊಂಡು, ಎರಡು ಗೋಡೆಗಳ ನಡುವೆ ಕಾಯಿಸಿ, ಮೇಲಿನ ತೂತುಗಳಿಂದ ಬಿಡುತ್ತದೆ. ಆ ಬಿಸಿ ಗಾಳಿಗೆ ಹೊಗೆಯೇ ಉರಿದುಹೋಗುತ್ತದೆ. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು, ಮೇಲಿನ ತೂತು ಮುಚ್ಚುವಷ್ಟು ತುಂಬಬಾರದು. ಕಾವೆಲ್ಲ ಮೇಲಕ್ಕೇ ಹೋಗುವುದರಿಂದ ಸುತ್ತ ಕೂತವರ ಕಾಲು ತಣ್ಣಗೇ ಇರುತ್ತದೆ. ಬೆಲೆಯೂ ಜಾಸ್ತಿ.

ಇಟ್ಟಿಗೆಗೆ ಗಾರೆ ಬೇಡ. ಹುಲ್ಲು ಕೆರೆದು, ಬರಿ ಮಣ್ಣಿನ ಮೇಲೆ ಮೂರಡಿ ಅಗಲದ ಸುತ್ತು, ಮೂರು ವರಸೆ. ಕೆಳಗಿನ ವರಸೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟರೆ ಗಾಳಿ ಆಡುತ್ತದೆ. ನೀರು ನೆಲಕ್ಕೆ ಇಂಗುತ್ತದೆ. ಸುಟ್ಟ ಇಟ್ಟಿಗೆಯೇ ಆಗಬೇಕು. ಸಿಮೆಂಟ್ ಬ್ಲಾಕು ಬಿರಿಯುತ್ತದೆ, ನೀರು ಕುಡಿದ ಹೊಳೆಗಲ್ಲು ಸಿಡಿಯುತ್ತದೆ. ಹೊಗೆ ಮಾತ್ರ ಸ್ಟೀಲಿಗಿಂತ ಜಾಸ್ತಿ, ಒಪ್ಪುತ್ತೇನೆ. ಹಾಗಾಗಿ ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರಾ ಅಂತ ನೋಡಿಯೇ ಕಡ್ಡಿ ಗೀರುವುದು.

ಯಾವುದನ್ನೇ ಇಟ್ಟರೂ ಮನೆಯಿಂದ, ಬೇಲಿಯಿಂದ ಹತ್ತಡಿಯಾದರೂ ದೂರವಿರಲಿ. ಮೇಲೆ ತೆಂಗಿನ ಒಣಗರಿ ನೇತಾಡುತ್ತಿರಬಾರದು. ಪಕ್ಕದಲ್ಲೇ ಒಂದು ಬಕೆಟ್ ನೀರು.

ಇನ್ನು ಕಾನೂನು. ಚಳಿ ಕಾಯಿಸುವುದು ಬೇರೆ, ಕಸ ಸುಡುವುದು ಬೇರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಕೊಟ್ಟಿದೆ. ಹೇಗೂ ಬೆಂಕಿ ಇದೆಯಲ್ಲ ಅಂತ ಹಾಲಿನ ಕವರು, ರಟ್ಟಿನ ಡಬ್ಬ ಸುಮ್ನೆ ಒಳಗೆ ಎಸೆಯಬೇಡಿ. ತರಗೆಲೆ ಗೊಬ್ಬರದ ಗುಂಡಿಗೆ ಹೋಗಲಿ. ನಾವು ಉರಿಸುವುದು ಒಣಗಿದ ಸರ್ವೆ ಕಟ್ಟಿಗೆ, ತೆಂಗಿನ ಚಿಪ್ಪು, ಅಷ್ಟೇ.

ಮನೆಗಳು ಒತ್ತೊತ್ತಾಗಿದ್ದು, ಕೈಯಲ್ಲಿ ದುಡ್ಡಿದ್ದರೆ ಸ್ಟೀಲ್ ತಗೊಳ್ಳಿ. ನಾವು ಬೆಂಕಿ ಹಾಕುವುದೇ ಚಳಿಗಾಲದ ಕೆಲವು ಭಾನುವಾರ. ಅಷ್ಟಕ್ಕೆ ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ. ಇಟ್ಟಿಗೆಯಾದರೆ ಬೇಸಿಗೆಯಲ್ಲಿ ಕಿತ್ತು ಗೋಡೆ ಪಕ್ಕ ಜೋಡಿಸಿಟ್ಟರಾಯಿತು.